ಮೇಜಿನ ಮೇಲಿನ ಕ್ಲೌಡ್ ಚೇಂಬರ್: ಯಂತ್ರವನ್ನು ಕೊಳ್ಳಬಹುದು, ಕೈಪಿಡಿಯ ‘ಶುದ್ಧ ಶಕ್ತಿ’ಯನ್ನು ನಂಬಬೇಡಿ

ಕಣ್ಣಿಗೆ ಕಾಣದ ಕಣಗಳ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಪೆಟ್ಟಿಗೆಯೇ ಕ್ಲೌಡ್ ಚೇಂಬರ್. ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಅದರ ಕಿಟ್ಟುಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ನಾನು ತರಿಸಿಕೊಂಡದ್ದರಲ್ಲಿ ಒಂದು ಅಕ್ರಿಲಿಕ್ ಪೆಟ್ಟಿಗೆ, ಅದರ ಒಳಮೇಲಂಚಿಗೆ ಅಂಟಿಸುವ ಫೆಲ್ಟ್ ಪಟ್ಟಿ, ವಿದ್ಯುತ್ತಿನಿಂದ ತಂಪು ಮಾಡುವ ಪೆಲ್ಟಿಯರ್ ಘಟಕದಿಂದ ತಣ್ಣಗಾಗುವ ಕಪ್ಪು ಲೋಹದ ತಟ್ಟೆ, ಪಕ್ಕದಿಂದ ಬೆಳಕು ಚೆಲ್ಲುವ ಎಲ್‌ಇಡಿ ಮತ್ತು ವಿಕಿರಣ ಸೂಸುವ ಥೋರಿಯಂ ಬೆರೆತ ಟಂಗ್‌ಸ್ಟನ್ ವೆಲ್ಡಿಂಗ್ ಕಡ್ಡಿಯ ಒಂದು ತುಂಡು ಇದ್ದವು. ಯಂತ್ರದ ಬಗ್ಗೆ ನನಗೆ ಹೇಳಿಕೊಳ್ಳುವಂಥ ದೂರಿಲ್ಲ. ದೂರಿರುವುದು ಜೊತೆಗೆ ಬಂದ ಕೈಪಿಡಿಯ ಮೇಲೆ.

ಫೆಲ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಮುಚ್ಚಳವನ್ನು ಬಿಗಿಯಾಗಿ ಕೂರಿಸಿದರೆ, ಸ್ವಲ್ಪ ಹೊತ್ತಿನಲ್ಲಿ ತಟ್ಟೆಯ ಮೇಲೆ ತೆಳುವಾದ ಮಂಜಿನ ಪದರ ನಿಲ್ಲುತ್ತದೆ. ವಿದ್ಯುದಾವೇಶವುಳ್ಳ ಕಣವೊಂದು ಹಾದುಹೋದಾಗ ಅದರ ದಾರಿಯಲ್ಲಿ ಉಳಿದ ಅಯಾನುಗಳ ಸುತ್ತ ಆವಿ ಹನಿಗಟ್ಟಿ ಬಿಳಿ ಗೆರೆ ಮೂಡುತ್ತದೆ. ವೆಲ್ಡಿಂಗ್ ಕಡ್ಡಿಯಿಂದ ಹೊರಡುವ ಆಲ್ಫಾ ಕಣಗಳು ಕೆಲವೇ ಸೆಂಟಿಮೀಟರ್ ಉದ್ದದ ದಪ್ಪ ಗೆರೆ ಎಳೆಯುತ್ತವೆ. ಎಲೆಕ್ಟ್ರಾನ್‌ಗಳ ಗೆರೆ ನೂಲಿನಷ್ಟು ತೆಳು, ಅಂಕುಡೊಂಕು. ಕಡ್ಡಿಯನ್ನು ತೆಗೆದಿಟ್ಟ ಮೇಲೂ ಆಗಾಗ ಒಂದು ನೀಳವಾದ ನೇರ ಗೆರೆ ಕಾಣಿಸಿಕೊಂಡರೆ, ಅದು ಬಹುತೇಕ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಯಾನ್, ಅಂದರೆ ಎಲೆಕ್ಟ್ರಾನಿನಂಥದೇ ಆದರೆ ಹೆಚ್ಚು ಭಾರದ ಕಣ. ಬೇಸಗೆಯ ಮಧ್ಯಾಹ್ನ ತಟ್ಟೆ ಸಾಕಷ್ಟು ತಣ್ಣಗಾಗುವುದಿಲ್ಲವಾದ್ದರಿಂದ ರಾತ್ರಿ ನೋಡುವುದು ಮೇಲು. ಆಲ್ಕೋಹಾಲು ಬೇಗ ಹೊತ್ತಿಕೊಳ್ಳುವಂಥದ್ದು, ಒಲೆಯಿರುವ ಕೋಣೆ ಬೇಡ.

ಕೈಪಿಡಿಯ ಕೊನೆಯ ಪುಟಗಳಲ್ಲಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ, ಧನ ಆವೇಶದ ಪಾಸಿಟ್ರಾನ್ ಎದುರುಬದುರಾಗಿ ಬಂದು, ಹಳದಿ ಬಣ್ಣದ ಸ್ಫೋಟವೊಂದರಲ್ಲಿ ಮಾಯವಾಗುವ ಚಿತ್ರವಿದೆ. ದ್ರವ್ಯವೂ ಪ್ರತಿದ್ರವ್ಯವೂ ಸೇರಿ ‘ಶುದ್ಧ ಶಕ್ತಿ’ಯಾಗುತ್ತವೆ ಎಂಬುದು ಅದರ ಕೆಳಗಿನ ವಿವರಣೆ. ಶಾಲೆಗಳಿಗೆ ಮಾರುವ ಸಾಮಗ್ರಿಯಲ್ಲಿ ಈ ಮಾತು ಇರಬಾರದಿತ್ತು. ವಸ್ತುವಿನಿಂದ ಬೇರ್ಪಡಿಸಿದ ‘ಶುದ್ಧ ವೇಗ’ವನ್ನು ಯಾರೂ ಹೇಗೆ ಶೀಶೆಯಲ್ಲಿ ತುಂಬಿಕೊಡಲಾರರೋ ಹಾಗೆಯೇ ಶಕ್ತಿಯೂ, ಅದು ಯಾವುದೋ ಒಂದರ ಗುಣವೇ ಹೊರತು ತಾನೇ ಒಂದು ಪದಾರ್ಥವಲ್ಲ. ಆ ಚಿತ್ರದಲ್ಲಿ ನಿಜವಾಗಿ ಹೊರಬರಬೇಕಾದದ್ದು ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು. ಕಣಗಳೆರಡೂ ಹೆಚ್ಚುಕಡಿಮೆ ನಿಂತಿದ್ದರೆ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಏಕಮಾನ) ಶಕ್ತಿಯ ಎರಡು ಫೋಟಾನ್‌ಗಳು ವಿರುದ್ಧ ದಿಕ್ಕುಗಳಲ್ಲಿ ಹೊರಡುತ್ತವೆ. ಆಸ್ಪತ್ರೆಗಳ ಪೆಟ್ ಸ್ಕ್ಯಾನ್ ಹಿಡಿಯುವುದು ಈ ಜೋಡಿಯನ್ನೇ.

ಫೋಟಾನಿಗೆ ದ್ರವ್ಯರಾಶಿ ಇಲ್ಲವಾದ್ದರಿಂದ ಅದನ್ನೇ ಶುದ್ಧ ಶಕ್ತಿ ಎನ್ನಬಾರದೇಕೆ ಎಂದು ಕೈಪಿಡಿ ಬರೆದವರು ಕೇಳಬಹುದು. ಪ್ರೋಟಾನಿನ ಒಳಭಾಗಗಳನ್ನು ಹಿಡಿದಿಡುವ ಗ್ಲುಆನ್ ಕಣಕ್ಕೂ ದ್ರವ್ಯರಾಶಿ ಇಲ್ಲ. ಅದನ್ನು ಹಾಗೆ ಕರೆದವರನ್ನು ನಾನು ಕಂಡಿಲ್ಲ. ಫೋಟಾನಿಗೆ ಸಂವೇಗವಿದೆ, ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) ಇದೆ, ಧ್ರುವೀಕರಣವಿದೆ. ಅದರ ಶಕ್ತಿಯಾದರೋ ನೋಡುವವರ ಚಲನೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ: ಆ ಎರಡು ಫೋಟಾನ್‌ಗಳನ್ನು ಒಟ್ಟಾಗಿ ಒಂದು ವ್ಯವಸ್ಥೆಯೆಂದು ಲೆಕ್ಕ ಹಾಕಿದರೆ, ಅದರ ದ್ರವ್ಯರಾಶಿ ಮೊದಲಿದ್ದಂತೆಯೇ 1022 ಕಿಲೋ ಎಲೆಕ್ಟ್ರಾನ್ ವೋಲ್ಟಿನಷ್ಟು ಉಳಿದಿರುತ್ತದೆ (ಕಣಗಳ ದ್ರವ್ಯರಾಶಿಯನ್ನು ಶಕ್ತಿಯ ಏಕಮಾನದಲ್ಲೇ ಹೇಳುವುದು ರೂಢಿ).

ನನ್ನ ಮಟ್ಟಿಗೆ ನಿರ್ಣಾಯಕವಾದ ಸಾಕ್ಷಿ ಪಾಸಿಟ್ರೋನಿಯಂ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಅಲ್ಪಕಾಲ ಪರಸ್ಪರ ಬಂಧಿತವಾಗಿರುವ ಈ ಜೋಡಿಯಲ್ಲಿ ಅವುಗಳ ಸ್ಪಿನ್‌ಗಳು ವಿರುದ್ಧವಾಗಿದ್ದರೆ ಸಾಮಾನ್ಯವಾಗಿ ಎರಡು ಫೋಟಾನ್‌ಗಳು, ಒಂದೇ ದಿಕ್ಕಿನಲ್ಲಿದ್ದರೆ ಮೂರು ಫೋಟಾನ್‌ಗಳು ಹೊರಬರುತ್ತವೆ. ನಿರ್ವಾತದಲ್ಲಿ ಮೊದಲನೆಯದರ ಸರಾಸರಿ ಆಯಸ್ಸು ಸುಮಾರು 0.125 ನ್ಯಾನೊಸೆಕೆಂಡ್, ಎರಡನೆಯದರದು ಸುಮಾರು 142. ಶಕ್ತಿಯ ಮೊತ್ತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕಣಗಳು ತಮ್ಮ ಗುಣಗಳನ್ನೆಲ್ಲ ಕಳಚಿ ಬರೀ ಶಕ್ತಿಯಾಗಿಬಿಡುವುದಾಗಿದ್ದರೆ, ಈ ಸಾವಿರಪಟ್ಟಿಗೂ ಮೀರಿದ ವ್ಯತ್ಯಾಸ ಬರಲು ಕಾರಣವೇ ಇರುತ್ತಿರಲಿಲ್ಲ.

ಪ್ರೋಟಾನ್ ಮತ್ತು ಆಂಟಿಪ್ರೋಟಾನ್‌ಗಳ ವಿಷಯದಲ್ಲಂತೂ ಕೈಪಿಡಿಯ ಮಾತು ಸ್ಥೂಲವಾಗಿಯೂ ನಿಲ್ಲುವುದಿಲ್ಲ. ಅವು ನಿಧಾನವಾಗಿ ಸೇರಿದಾಗ ಮೊದಲು ಹುಟ್ಟುವುದು ಬೆಳಕಲ್ಲ, ಸರಾಸರಿ ಐದರಷ್ಟು ಪಯಾನ್‌ಗಳೆಂಬ ಕಿರುಕಣಗಳು. ಅವುಗಳಿಗೆ ದ್ರವ್ಯರಾಶಿಯೂ ಇದೆ.

ವಿಪರ್ಯಾಸವೆಂದರೆ, ‘ಶುದ್ಧ ಶಕ್ತಿ’ಯ ವಾಕ್ಯವನ್ನು ತಿದ್ದಬಲ್ಲ ಉಪಕರಣವನ್ನೇ ಆ ಕೈಪಿಡಿಯ ಜೊತೆ ಮಾರಲಾಗುತ್ತಿದೆ. ಫೋಟಾನಿಗೆ ಆವೇಶವಿಲ್ಲದ್ದರಿಂದ ಅದು ಮಂಜಿನಲ್ಲಿ ಗೆರೆ ಬಿಡುವುದಿಲ್ಲ. ಆದರೆ ಗಾಮಾ ಫೋಟಾನ್ ಒಂದು ಎಲೆಕ್ಟ್ರಾನಿಗೆ ಬಡಿದು ತನ್ನ ಸಂವೇಗದ ಪಾಲನ್ನು ಕೊಟ್ಟಾಗ, ಪೆಟ್ಟಿಗೆಯ ನಡುವೆ ಎಲ್ಲಿಂದಲೋ ಶುರುವಾದಂತೆ ತೆಳುಗೆರೆಯೊಂದು ಮೂಡುತ್ತದೆ. ಕೈಪಿಡಿಯಲ್ಲಿ ಇದರ ಪ್ರಸ್ತಾಪವೇ ಇಲ್ಲ.

ವಿರುದ್ಧ ಆವೇಶದ ಕಣಗಳನ್ನು ವಿರುದ್ಧ ದಿಕ್ಕಿಗೆ ಬಾಗಿಸುವ ಅಯಸ್ಕಾಂತವೂ ಕಿಟ್ಟಿನಲ್ಲಿ ಇಲ್ಲವಾದ್ದರಿಂದ ಎಲೆಕ್ಟ್ರಾನ್ ಯಾವುದು, ಪಾಸಿಟ್ರಾನ್ ಯಾವುದು ಎಂದು ಗುರುತಿಸಲು ಸಾಧ್ಯವಿಲ್ಲ. 1932ರಲ್ಲಿ ಕಾರ್ಲ್ ಆಂಡರ್ಸನ್ ಪಾಸಿಟ್ರಾನನ್ನು ಗುರುತಿಸಿದ್ದು, ಕಾಂತಕ್ಷೇತ್ರದಲ್ಲಿ ಬಾಗಿದ ಗೆರೆ 6 ಮಿಲಿಮೀಟರ್ ಸೀಸದ ತಟ್ಟೆಯನ್ನು ದಾಟಿದ ಮೇಲೆ ಇನ್ನಷ್ಟು ಬಾಗಿದ್ದನ್ನು ನೋಡಿ. ಆ ಪ್ರಸಿದ್ಧ ಚಿತ್ರವನ್ನು ಕೈಪಿಡಿ ಅಚ್ಚು ಹಾಕಿದೆ, ಆದರೆ ಕಣ ಯಾವ ಕಡೆಯಿಂದ ಬಂತೆಂದು ಹೇಗೆ ತಿಳಿಯಿತು ಎಂಬುದನ್ನು ಹೇಳುವುದಿಲ್ಲ (ಸೀಸದಲ್ಲಿ ಶಕ್ತಿ ಕಳೆದುಕೊಂಡ ಕಣ ಹೆಚ್ಚು ಬಾಗುವುದರಿಂದ, ಗೆರೆ ಹೆಚ್ಚು ಬಾಗಿದ ಕಡೆಯೇ ಅದು ಹೊರಟುಹೋದ ಕಡೆ). ಮಾರಾಟಗಾರರು ಮುಂದಿನ ಮುದ್ರಣದಲ್ಲಿ ಹಳದಿ ಸ್ಫೋಟವನ್ನು ತೆಗೆದು, ಆ ಜಾಗದಲ್ಲಿ ವಿರುದ್ಧ ದಿಕ್ಕಿಗೆ ಹೊರಟ ಎರಡು ಫೋಟಾನ್‌ಗಳನ್ನು ಬಿಡಿಸಿ, ಪ್ರತಿಯೊಂದರ ಪಕ್ಕದಲ್ಲಿ 511 ಎಂದು ಬರೆದರೆ ಸಾಕು.