ಹಾಲು ಕಕ್ಕುವ ಮಗುವಿಗೆಂದು ಕೊಂಡ ಇಳಿಜಾರು ದಿಂಬು: ಐದಕ್ಕೆ ಎರಡು ಸ್ಟಾರ್

ಎರಡು ಸ್ಟಾರ್ ಕೊಟ್ಟಿರುವುದು ಹೊರಗಿನ ಕವರಿಗೆ. ದಿಂಬಿಗಲ್ಲ.

ಮಗಳಿಗೆ ಆಗ ಎರಡೂವರೆ ತಿಂಗಳು. ಕುಡಿದ ಹಾಲು ಹತ್ತೇ ನಿಮಿಷಕ್ಕೆ ನನ್ನ ಹೆಗಲ ಮೇಲೆ. ಒಂದೊಂದು ಸಲ ಅರ್ಧ ಗಂಟೆ ಬಿಟ್ಟು, ಒಡೆದ ಹಾಲಾಗಿ, ಹುಳಿ ವಾಸನೆ ಸಮೇತ ಬರುತ್ತಿತ್ತು. ಅವಳ ಕಿವಿ ಹಿಂದೆ, ಕತ್ತಿನ ಮಡಿಕೆಯೊಳಗೆ ಎಲ್ಲ ಅದೇ. ರಾತ್ರಿ ಪಾಳಿ ನನ್ನದು. ಎರಡು ಗಂಟೆಗೆ ಮೂರನೇ ಅಂಗಿ ಬದಲಿಸಿ ಮೊಬೈಲ್ ತೆಗೆದಾಗ ಈ ದಿಂಬು ಕಂಡಿತು. ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು, ಸ್ಪಂಜಿನ ಬೆಣೆ ಥರ. ಆಸಿಡ್ ರಿಫ್ಲಕ್ಸ್‌ಗೆ (ಹೊಟ್ಟೆಗೆ ಹೋದದ್ದು ಹುಳಿಯಾಗಿ ವಾಪಸ್ ಮೇಲೆ ಬರುವುದಕ್ಕೆ) ಪರಿಹಾರ, ಮಗುವೂ ಮಲಗುತ್ತೆ ನೀವೂ ಮಲಗುತ್ತೀರಿ ಅಂತ ಬರೆದಿದ್ದರು. ಆ ಹೊತ್ತಿಗೆ ಯಾರಾದರೂ ಕಲ್ಲು ಮಾರಿದ್ದರೂ ಕೊಳ್ಳುತ್ತಿದ್ದೆ.

ಬಂದ ದಿನ ಮಧ್ಯಾಹ್ನ ಪಕ್ಕದಲ್ಲೇ ಕೂತು ಮಲಗಿಸಿ ನೋಡಿದೆ. ಐದು ನಿಮಿಷ ಆಯಿತೋ ಇಲ್ಲವೋ, ಮೆಲ್ಲಗೆ ಜಾರುತ್ತಾ ತಗ್ಗಿನ ತುದಿಗೆ ಬಂದು ಮುದುರಿಕೊಂಡಳು. ಗದ್ದ ಎದೆಗೆ ಒತ್ತಿತ್ತು, ಹೊಟ್ಟೆ ಮಡಚಿತ್ತು. ಉಸಿರು ಗೊರಗೊರ ಅಂದಿತು. ಗಾಬರಿಯಿಂದ ಎತ್ತಿಕೊಂಡೆ. ಕಕ್ಕಿದಳು. ದಿಂಬಿನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಲಸಿಕೆಗೆ ಹೋದಾಗ ಡಾಕ್ಟರ್ ಹತ್ತಿರ ಹೇಳಿದೆ. ಅವರು ಬೈಯಲಿಲ್ಲ. ಚೀಟಿಯ ಹಿಂದೆ ಎರಡು ಗೆರೆ ಎಳೆದರು. ಮೇಲಿನದು ಶ್ವಾಸನಾಳ, ಕೆಳಗಿನದು ಅನ್ನನಾಳ. ಮಗು ಅಂಗಾತ ಮಲಗಿದಾಗ ಗಾಳಿಯ ಕೊಳವೆಯೇ ಮೇಲಿರುತ್ತೆ. ಹೊಟ್ಟೆಯಿಂದ ವಾಪಸ್ ಬಂದ ಹಾಲು ಅದರೊಳಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಲೆಕ್ಕ ಉಲ್ಟಾ. ಅಂಗಾತ ಮಲಗಿಸಿದರೆ ಹಾಲು ನೆತ್ತಿಗೇರುತ್ತೆ ಅಂತ ಅಮ್ಮ ದಿನಾ ಹೆದರುತ್ತಿದ್ದರು. ಆ ಚೀಟಿಯನ್ನು ಅವರಿಗೂ ತೋರಿಸಿದೆ. ಸಪಾಟಾದ ಗಟ್ಟಿ ಹಾಸಿಗೆ, ಅಂಗಾತ, ದಿಂಬು ಬೇಡವೇ ಬೇಡ ಅಂದರು ಡಾಕ್ಟರ್. ಅಮೆರಿಕದಲ್ಲಂತೂ 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿರುವ, ಕೂಸುಗಳನ್ನು ಮಲಗಿಸುವ ಸಾಧನಗಳನ್ನು 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿದರು. ಮಕ್ಕಳು ಸತ್ತಿದ್ದವು, ಅದಕ್ಕೆ. ನನಗೆ ಬಂದ ಡಬ್ಬದ ಮೇಲೆ ಅದರ ಸುಳಿವೂ ಇರಲಿಲ್ಲ.

ಕಕ್ಕುವುದಕ್ಕೆ ಕಾರಣ ಸರಳ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಇರುವ ಬಿಗಿ ಸ್ನಾಯು ಎಳೆ ಮಕ್ಕಳಲ್ಲಿ ಆಗಾಗ ಸಡಿಲ ಬಿಡುತ್ತೆ. ಕುಡಿಯುವುದು ಬರೀ ಹಾಲು, ಇರುವುದು ದಿನವಿಡೀ ಮಲಗಿಕೊಂಡೇ. ಇನ್ನೇನಾಗಬೇಕು? ನಾಲ್ಕು ತಿಂಗಳ ಸುಮಾರಿಗೆ ಜಾಸ್ತಿಯಾಗಿ, ವರ್ಷ ತುಂಬಿ ಒಂದೆರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ತಾನಾಗಿ ನಿಲ್ಲುತ್ತದಂತೆ. ತೂಕ ಏರುತ್ತಿದೆ, ಕಕ್ಕಿದ ಮೇಲೂ ನಗುತ್ತಾಳೆ, ಔಷಧಿ ಯಾಕೆ ಅಂದರು. ಹಸಿರು ವಾಂತಿ, ರಕ್ತ, ದೂರಕ್ಕೆ ಚಿಮ್ಮುವ ವಾಂತಿ, ಉಸಿರಾಟಕ್ಕೆ ಕಷ್ಟ, ಹಾಲೇ ಬೇಡ ಅನ್ನುವುದು, ಒದ್ದೆ ಡೈಪರ್ ಕಡಿಮೆಯಾಗುವುದು, ತೂಕ ನಿಂತುಬಿಡುವುದು, ಇದರಲ್ಲಿ ಯಾವುದು ಕಂಡರೂ ಕಾಯದೆ ಬನ್ನಿ ಅಂದರು.

ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ಎದೆ. ಸ್ವಲ್ಪ ಸ್ವಲ್ಪ ಕುಡಿಸಿ, ನಡುವೆ ನಿಲ್ಲಿಸಿ ತೇಗು ಬರಿಸಿ, ಆಮೇಲೆ ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಆನಿಸಿಕೊಂಡು ಓಡಾಡುವುದು. ಕೂತರೆ ನನಗೇ ನಿದ್ದೆ ಬರುತ್ತಿತ್ತು, ಅದಕ್ಕೆ ಓಡಾಟ. ಕೈ ಸೋತು ಒಂದು ದಿನ ಕಾರ್ ಸೀಟಿನಲ್ಲಿ ಕೂರಿಸಿದೆ, ಹೇಗೂ ನೆಟ್ಟಗಿರುತ್ತೆ ಅಲ್ವಾ ಅಂತ. ಅಲ್ಲೂ ಹೊಟ್ಟೆ ಮಡಚಿ ಇನ್ನೂ ಜಾಸ್ತಿ ಕಕ್ಕಿದಳು. ಕಕ್ಕುವುದೇನೂ ಪೂರ್ತಿ ನಿಂತಿಲ್ಲ. ಅಂಗಿ ಮಾತ್ರ ರಾತ್ರಿಗೆ ಒಂದೇ ಸಾಕಾಗುತ್ತಿದೆ.

ಸ್ಪಂಜನ್ನು ತುಂಡು ತುಂಡು ಮಾಡಿ ಬಿಸಾಡಿದೆ. ಇಡಿಯಾಗಿ ಇಟ್ಟರೆ ಇನ್ಯಾರೋ ಎತ್ತಿಕೊಂಡು ಹೋಗಿ ಮಗು ಮಲಗಿಸಿಬಿಟ್ಟರೆ? ಕವರ್ ಮಾತ್ರ ಇಟ್ಟುಕೊಂಡೆ. ದಪ್ಪ ಹತ್ತಿ ಬಟ್ಟೆ, ಎಷ್ಟು ಒಗೆದರೂ ಬಣ್ಣ ಬಿಟ್ಟಿಲ್ಲ. ಜಿಪ್ ಕಿತ್ತು, ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಳ್ಳುತ್ತೇನೆ. ಹಾಲು ಚೆನ್ನಾಗಿ ಹೀರುತ್ತೆ.