ಸಾಗರದ ಬೋರ್ಡಿಲ್ಲದ ಕಂಪ್ಯೂಟರ್ ಅಂಗಡಿ: ಫಾರ್ಮ್ಯಾಟ್ ಮಾಡದೆ ವಾಪಸ್ ಕೊಟ್ಟರು

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಹೆಸರಿಲ್ಲ. ಸಾಗರ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲಿದೆ. ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಬಾಗಿಲಿಗೆ ‘ಕಂಪ್ಯೂಟರ್, ಪ್ರಿಂಟರ್ ರಿಪೇರಿ’ ಅಂತ ಪ್ರಿಂಟ್ ತೆಗೆದ ಒಂದು ಹಾಳೆ ಅಂಟಿಸಿದ್ದಾರೆ, ಅಷ್ಟೇ. ರಿವ್ಯೂ ಬರೆಯುತ್ತೇನೆ ಅಂದಾಗ ‘ಬೇಡ ಮಾರಾಯ್ರೆ, ಈಗ ಬರುವವರನ್ನೇ ಸುಧಾರಿಸೋಕೆ ಆಗ್ತಿಲ್ಲ’ ಅಂದರು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿಗೆ ಬರುವ ಮೊದಲು ಬೇರೆ ಇಬ್ಬರ ಕೈಯಲ್ಲಿ ಒಂದು ವಾರ ಒದ್ದಾಡಿದ್ದೇನೆ.

ತೊಂದರೆ ಏನಂದರೆ, ಮನೆಯ ಕಂಪ್ಯೂಟರಿನಲ್ಲಿ ಒಂದೇ ಒಂದು ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಯೂಟ್ಯೂಬ್ ಓಡುತ್ತದೆ, ಜಿಮೇಲ್ ಬರುತ್ತದೆ, ಪೇಪರ್ ಓದಬಹುದು. ಅಪ್ಪ ಅಡಿಕೆ ಧಾರಣೆ ನೋಡುವ ಸೈಟ್ ಮಾತ್ರ ಗಿರಗಿರ ಸುತ್ತಿ ಸುತ್ತಿ ಕೊನೆಗೆ ಬಿಳಿ ಪರದೆ ತೋರಿಸಿ ಸುಮ್ಮನಾಗುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ, ಕವಳ ಹಾಕಿಕೊಂಡು, ರಾಶಿ ಎಷ್ಟು, ಚಾಲಿ ಎಷ್ಟು, ಕೆಂಪುಗೋಟು ಎಷ್ಟು ಅಂತ ನೋಡಿ ಡೈರಿಯಲ್ಲಿ ಬರೆದಿಡುವುದು ಅಪ್ಪನ ದಿನಚರಿ. ಮಾರುವುದು ವರ್ಷಕ್ಕೆ ಎರಡು ಸಲ. ಆದರೂ ದಿನಾ ನೋಡಬೇಕು. ಅಡಿಕೆ ಬೆಳೆಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲಿ ತೆರೆದು ಕೊಟ್ಟೆ. ‘ಅಕ್ಷರ ಇರುವೆ ಸಾಲಿನ ಹಾಗೆ ಕಾಣ್ತದೆ’ ಅಂತ ವಾಪಸ್ ಕೊಟ್ಟರು. ಆಮೇಲೆ ನನ್ನ ಮುಖ ನೋಡಿ, ‘ನೀನೇ ಎಂತಾದ್ರೂ ಮಾಡಿಟ್ಟಿದ್ದೀಯನೋ?’ ಅಂದರು. ಇಲ್ಲಪ್ಪ ಅಂದೆ.

ನನಗೆ ತಿಳಿದಷ್ಟು ಮಾಡಿ ನೋಡಿದೆ. ಕ್ರೋಮ್ ಬಿಟ್ಟು ಫೈರ್‌ಫಾಕ್ಸ್, ಅದು ಬಿಟ್ಟು ಎಡ್ಜ್. ಕುಕ್ಕಿ, ಕ್ಯಾಶ್ ಎಲ್ಲ ಅಳಿಸಿದೆ. ಆಂಟಿವೈರಸ್ ಹತ್ತು ನಿಮಿಷ ಆಫ್ ಮಾಡಿದೆ. ಗಡಿಯಾರ ಸರಿ ಇದೆಯಾ ಅಂತಲೂ ನೋಡಿದೆ, ತಾರೀಕು ತಪ್ಪಿದ್ದರೆ ಸೈಟುಗಳು ತಕರಾರು ಮಾಡುತ್ತವೆ ಅಂತ ಎಲ್ಲೋ ಓದಿದ್ದೆ. ಎಲ್ಲ ಸರಿಯಾಗಿತ್ತು. ಅದೇ ವೈಫೈನಲ್ಲಿ ಫೋನಿಗೆ ಸೈಟ್ ಬರುತ್ತದೆ, ಕಂಪ್ಯೂಟರಿಗೆ ಬರುವುದಿಲ್ಲ.

ಆಮೇಲೆ ಬ್ರಾಡ್‌ಬ್ಯಾಂಡ್ ಕಂಪನಿಯ ಸಹಾಯವಾಣಿ. ಹೆಸರು ಬೇಡ. ರೂಟರ್ ಆಫ್ ಮಾಡಿ ಆನ್ ಮಾಡಿ ಅಂದರು, ಮೂರು ದಿನದಲ್ಲಿ ಮೂರು ಬೇರೆ ಬೇರೆ ಜನ. ಮೂರನೆಯವರು ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ 8.8.8.8 ಹಾಕಿ ಅಂದರು, ಹಾಕಿದೆ, ಏನೂ ಆಗಲಿಲ್ಲ. ‘ಹಾಗಾದರೆ ಸೈಟೇ ಡೌನ್ ಆಗಿರಬೇಕು ಸರ್.’ ಫೋನಿನಲ್ಲಿ ಬರ್ತಾ ಇದೆಯಲ್ಲ ಅಂದರೆ ಲೈನ್ ಕಟ್.

ಮೊದಲು ಹೋದ ರಿಪೇರಿ ಅಂಗಡಿಯದೂ ಹೆಸರು ಹೇಳುವುದಿಲ್ಲ. ಎಸಿ ಇದೆ, ಗಾಜಿನ ಬಾಗಿಲಿದೆ. ಸಿಪಿಯು ಮೇಜಿನ ಮೇಲಿಟ್ಟು ಮಾತು ಮುಗಿಸುವಷ್ಟರಲ್ಲೇ ‘ಫಾರ್ಮ್ಯಾಟ್ ಮಾಡಬೇಕು, 800 ರೂಪಾಯಿ’ ಅಂದುಬಿಟ್ಟರು. ಆನ್ ಕೂಡ ಮಾಡಿರಲಿಲ್ಲ. ವಿಂಡೋಸ್ 10 ಅಂತ ಗೊತ್ತಾದಮೇಲಂತೂ ಹೊಸ ಕಂಪ್ಯೂಟರಿನ ರೇಟ್ ಪಟ್ಟಿಯೇ ಬಂತು. ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿಯಿತಲ್ಲ, ಅದಕ್ಕೇ ಸೈಟ್ ಬರ್ತಿಲ್ಲ ಅಂತ. ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ ಅದರ ಅರ್ಥ ಮಾಮೂಲಿ ಸೆಕ್ಯೂರಿಟಿ ಅಪ್‌ಡೇಟ್ ನಿಂತಿತು ಅಂತ. ಅದಕ್ಕೆ ಅಡಿಕೆ ಸೈಟ್ ಒಂದನ್ನೇ ಹುಡುಕಿ ನಿಲ್ಲಿಸುವ ಕೆಲಸ ಇರುವುದಿಲ್ಲ, ಅಲ್ವಾ? ಅಪ್ಪನ ತೋಟದ ಲೆಕ್ಕ, ‘ಬರಹ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆ ಪತ್ರಗಳು, ‘ನುಡಿ’ಯ ಫೈಲುಗಳು ಎಲ್ಲ ಆ ಕಂಪ್ಯೂಟರಿನಲ್ಲೇ ಇವೆ, ಫಾರ್ಮ್ಯಾಟ್ ಮಾಡಿದರೆ ಅಳಿಸಿಹೋಗಬಹುದು. ಸಿಪಿಯು ಎತ್ತಿಕೊಂಡು ಹೊರಗೆ ಬಂದೆ.

ಈ ಮಹಡಿ ಅಂಗಡಿ ತೋರಿಸಿದ್ದು ಕೆಳಗೆ ಚಹಾ ಕುಡಿಯುತ್ತಿದ್ದ ಒಬ್ಬರು. ಐವತ್ತು ದಾಟಿದ ಒಬ್ಬರೇ ಕೂತಿರುತ್ತಾರೆ, ಸಹಾಯಕ್ಕೆ ಒಬ್ಬ ಹುಡುಗ. ಸುತ್ತ ಬಿಚ್ಚಿಟ್ಟ ಪ್ರಿಂಟರುಗಳು. ಕೂರಲು ಒಂದೇ ಸ್ಟೂಲು, ಅದರ ಮೇಲೂ ಒಂದು ಹಳೆ ಯುಪಿಎಸ್. ಅವರು ಸಿಪಿಯು ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಫೋನಿನಲ್ಲಿ ಬರ್ತದಾ? ವೈಫೈನಲ್ಲೋ ಡೇಟಾದಲ್ಲೋ? ಎಲ್ಲ ಬ್ರೌಸರಿನಲ್ಲೂ ಹೀಗೇನಾ? ಪರದೆ ಮೇಲೆ ಏನು ಬರೆದುಕೊಳ್ತದೆ?

ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರು ಓದುತ್ತಾರೆ ಅದನ್ನು? ತಮ್ಮ ಲೈನಿಗೆ ಸಿಕ್ಕಿಸಿ ಆನ್ ಮಾಡಿದರು. ಅಲ್ಲೂ ಬರಲಿಲ್ಲ, ಪಕ್ಕದಲ್ಲಿದ್ದ ಅವರ ಲ್ಯಾಪ್‌ಟಾಪಿನಲ್ಲಿ ಅದೇ ಸೈಟ್ ತಟ್ಟಂತ ಬಂತು. ‘ನಿಮ್ಮ ಮನೆ ಲೈನು ಸರಿ ಇದೆ, ರೋಗ ಈ ಡಬ್ಬದ ಒಳಗೇ ಇದೆ.’ ಆಮೇಲೆ ಪರದೆಯ ಕೆಳಗಿನ ಸಣ್ಣ ಅಕ್ಷರ ತೋರಿಸಿದರು: ಟೈಮ್ಡ್ ಔಟ್. ವಿಳಾಸ ಸಿಗದಿದ್ದರೆ ಬ್ರೌಸರ್ ಬೇರೆ ಮಾತು ಹೇಳುತ್ತದಂತೆ. ಟೈಮ್ಡ್ ಔಟ್ ಅಂದರೆ ವಿಳಾಸ ಸಿಕ್ಕಿದೆ, ಹೋಗಿ ಬಾಗಿಲು ಬಡಿದಿದೆ, ಒಳಗಿಂದ ಯಾರೂ ಓಗೊಟ್ಟಿಲ್ಲ.

ಮುಂದಿನದು ನನಗೆ ತುಂಬಾ ಇಷ್ಟವಾಯಿತು. ಕಪ್ಪು ಕಿಟಕಿ ತೆರೆದರು, ಕಮಾಂಡ್ ಪ್ರಾಂಪ್ಟ್. ಮೊದಲು ‘ಎನ್‌ಎಸ್‌ಲುಕಪ್’ ಅಂತ ಹೊಡೆದು ಸೈಟಿನ ಹೆಸರು ಕೊಟ್ಟರು, ಒಂದು ಐಪಿ ನಂಬರ್, ಅಂದರೆ ಸೈಟಿನ ವಿಳಾಸ, ಬಂತು. ಆಮೇಲೆ ‘ಪಿಂಗ್’ ಹೊಡೆದು ಅದೇ ಹೆಸರು ಕೊಟ್ಟರು. ಬೇರೆಯೇ ನಂಬರ್! ಪಿಂಗ್‌ಗೆ ಉತ್ತರ ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಎಷ್ಟೋ ಸರ್ವರುಗಳು ಪಿಂಗ್‌ಗೆ ಉತ್ತರ ಕೊಡುವುದೇ ಇಲ್ಲ, ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ಬರುವ ನಂಬರ್ ಮಾತ್ರ ನೋಡಿ ಅಂದರು. ಎರಡು ನಂಬರ್ ಬೇರೆ ಬೇರೆ ಆದರೆ ಅದೇ ಕಳ್ಳತನ ಅಂತಲ್ಲ, ದೊಡ್ಡ ಸೈಟುಗಳಿಗೆ ನಾಲ್ಕಾರು ನಂಬರ್ ಇರುತ್ತವೆ. ಇಂಥ ಸಣ್ಣ ಸೈಟಿಗೆ ಹಾಗಾದರೆ ಅನುಮಾನ ಪಡಬೇಕು. ಎನ್‌ಎಸ್‌ಲುಕಪ್ ಸೀದಾ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಪಿಂಗ್ ಆಗಲಿ ಬ್ರೌಸರ್ ಆಗಲಿ ಮೊದಲು ಮನೆಯೊಳಗಿನ ಚೀಟಿ ನೋಡುತ್ತವೆ, ಅದರಲ್ಲಿ ಇಲ್ಲದಿದ್ದರೆ ಮಾತ್ರ ಹೊರಗೆ ಕೇಳುತ್ತವೆ. ಆ ಚೀಟಿಯ ಹೆಸರು ಹೋಸ್ಟ್ಸ್ ಫೈಲ್. ಅದರಲ್ಲಿ ತಪ್ಪು ವಿಳಾಸ ಕೂತಿದ್ದರೆ ನೀವು 8.8.8.8 ಹಾಕಿ, 1.1.1.1 ಹಾಕಿ, ಕಂಪ್ಯೂಟರ್ ಕೇಳುವುದೇ ಇಲ್ಲ. ಸಹಾಯವಾಣಿಯವರ ಮದ್ದು ಯಾಕೆ ಹಿಡಿಯಲಿಲ್ಲ ಅಂತ ಆಗ ಅರ್ಥವಾಯಿತು.

ಇದು ಇಂಟರ್‌ನೆಟ್ಟಿನ ಅಜ್ಜನ ಕಾಲದ ಫೈಲ್ ಅಂತೆ. ಇಂಟರ್‌ನೆಟ್ಟಿಗೂ ಮೊದಲಿದ್ದ ಆರ್ಪಾನೆಟ್ ಜಾಲದ ದಿನಗಳಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಪಟ್ಟಿಯಲ್ಲಿರುತ್ತಿತ್ತು, ಎಲ್ಲರೂ ಅದರ ನಕಲು ಇಟ್ಟುಕೊಳ್ಳುತ್ತಿದ್ದರು. ಪಟ್ಟಿ ಉದ್ದವಾಗಿ ಸಾಕಾದಮೇಲೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಹಳೆ ಚೀಟಿ ಮಾತ್ರ ಪ್ರತಿ ಕಂಪ್ಯೂಟರಿನ ಮೂಲೆಯಲ್ಲಿ ಹಾಗೇ ಉಳಿಯಿತು. ವಿಂಡೋಸಿನಲ್ಲಿ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ, ಹೀಗೆ ಒಳಗೊಳಗೆ ಹೋದರೆ ಸಿಗುತ್ತದೆ. ನೋಟ್‌ಪ್ಯಾಡಿನ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು, ಇಲ್ಲದಿದ್ದರೆ ಸೇವ್ ಮಾಡಲು ಬಿಡುವುದಿಲ್ಲ. ಕೆಲವು ಸಲ ವೈರಸ್‌ಗಳೂ ಇಲ್ಲಿ ಕೈ ಆಡಿಸುತ್ತವಂತೆ.

ತೆರೆದರು. ಮೇಲೆ ಹ್ಯಾಶ್ ಗುರುತಿನಿಂದ ಶುರುವಾಗುವ ಹತ್ತಿಪ್ಪತ್ತು ಸಾಲು, ಅವು ಬರೀ ವಿವರಣೆ, ಲೆಕ್ಕಕ್ಕಿಲ್ಲ. ಕೆಳಗೆ ಒಂದೇ ಒಂದು ಸಾಲು. ಐಪಿ ನಂಬರ್, ಅಡಿಕೆ ಸೈಟಿನ ಹೆಸರು, ಅದರ ಪಕ್ಕ ಹ್ಯಾಶ್ ಹಾಕಿ ಒಂದು ಟಿಪ್ಪಣಿ: ‘ಅಪ್ಪಂಗೆ, ತೆಗೀಬೇಡಿ’.

ಅವರು ನನ್ನ ಕಡೆ ತಿರುಗಿದರು. ಹುಡುಗನೂ ತಿರುಗಿದ.

2020ರ ಲಾಕ್‌ಡೌನ್‌ನಲ್ಲಿ ಮನೆಗೆ ಬಂದು ಕೂತಿದ್ದಾಗ ಇದೇ ಸೈಟ್ ಹೆಸರು ಹೊಡೆದರೆ ಸಿಗುತ್ತಿರಲಿಲ್ಲ, ಯಾರೋ ಹೇಳಿಕೊಟ್ಟರು ಅಂತ ನಾನೇ ನಂಬರ್ ಬರೆದು ಹಾಕಿದ್ದೆ. ಅಷ್ಟು ವರ್ಷ ಚೆನ್ನಾಗಿ ನಡೆಯಿತು. ಈಗ ಸೈಟಿನವರು ಸರ್ವರ್ ಬದಲಿಸಿದ್ದಾರೆ, ಊರಿಗೆಲ್ಲ ಹೊಸ ವಿಳಾಸ ಗೊತ್ತಾಗಿದೆ, ನಮ್ಮ ಮನೆ ಕಂಪ್ಯೂಟರ್ ಮಾತ್ರ ಖಾಲಿ ಮಾಡಿ ಹೋದ ಮನೆಯ ಬಾಗಿಲು ಬಡಿಯುತ್ತಾ ನಿಂತಿದೆ. ‘ತೆಗೀಬೇಡಿ ಅಂತ ಬರೆದಿದ್ದೀರಿ, ತೆಗೀಲೋ ಬೇಡವೋ?’ ಅಂತ ಕೇಳಿದರು, ನಗದೆ. ಅಳಿಸಿ ಸೇವ್ ಮಾಡಿ, ಕಂಪ್ಯೂಟರ್ ನೆನಪಿಟ್ಟುಕೊಂಡ ಹಳೆ ವಿಳಾಸ ಅಳಿಸಲು ‘ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್’ ಕೊಟ್ಟು, ಬ್ರೌಸರ್ ಮುಚ್ಚಿ ತೆರೆದರು. ಸೈಟ್ ಬಂತು.

ಚಾರ್ಜ್ 150 ರೂಪಾಯಿ. ಎಲ್ಲ ಸೇರಿ ಇಪ್ಪತ್ತೈದು ನಿಮಿಷ, ಅದರಲ್ಲಿ ಹತ್ತು ನಿಮಿಷ ಮಾತು. ಸಿಪಿಯು ಒಳಗಿನ ಧೂಳನ್ನು ಕೇಳದೆಯೇ ಬ್ಲೋವರ್ ಹಿಡಿದು ಹೊಡೆದುಕೊಟ್ಟರು. ಮದರ್‌ಬೋರ್ಡಿನ ಸಿಆರ್2032 ಸೆಲ್ ಹಳೆಯದಾಗಿದೆ, ಮುಂದೆ ಗಡಿಯಾರ ಹಿಂದೆ ಬಿದ್ದರೆ ಬನ್ನಿ, ಈಗ ಬೇಡ ಅಂದರು. ಬೇಕಿದ್ದರೆ ಅದನ್ನೇ ನೆಪ ಮಾಡಿ ಇನ್ನಷ್ಟು ತೆಗೆದುಕೊಳ್ಳಬಹುದಿತ್ತು.

ಹಾಗಂತ ಎಲ್ಲ ಒಳ್ಳೆಯದೇ ಅಲ್ಲ. ಫೋನ್ ಎತ್ತುವುದಿಲ್ಲ, ಎಷ್ಟು ಸಲ ಮಾಡಿದರೂ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ, ಹಳ್ಳಿಯಿಂದ ಬಸ್ಸಿನಲ್ಲಿ ಬಂದವರು ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದನ್ನು ನೋಡಿದ್ದೇನೆ. ಬಿಲ್ ಕೇಳಿದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಡುತ್ತಾರೆ. ಪ್ರಿಂಟರಿಗೆ ಮಾತ್ರ ಇಲ್ಲಿಗೆ ಹೋಗಬೇಡಿ. ಅದೇ ಖುಷಿಯಲ್ಲಿ ಹೋದ ವಾರ ಕಾರ್ಟ್ರಿಡ್ಜ್ ರೀಫಿಲ್ ಮಾಡಿಸಿದೆ, ಪ್ರತಿ ಪುಟದ ಬಲಗಡೆ ಕಪ್ಪು ಪಟ್ಟಿ ಬರ್ತಾ ಇದೆ. ವಾಪಸ್ ತಂದರೆ ನೋಡ್ತೇನೆ ಅಂದಿದ್ದಾರೆ, ಒಂಬತ್ತು ಕಿಲೋಮೀಟರ್ ಪ್ರಿಂಟರನ್ನು ಸ್ಕೂಟರ್ ಮೇಲೆ ಮತ್ತೆ ಯಾರು ಹೊರುತ್ತಾರೆ?

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಸ್ಟಾರ್ ಆ ಕಪ್ಪು ಪಟ್ಟಿಗೆ ಹೋಯಿತು.

ಮನೆಗೆ ಬಂದು ಸಿಕ್ಕಿಸಿದ ತಕ್ಷಣ ಅಪ್ಪ ಕೂತು ಒಂದು ವಾರದ ಧಾರಣೆ ಒಟ್ಟಿಗೆ ಬರೆದುಕೊಂಡರು. ಎಂತ ಆಗಿತ್ತಂತೆ ಅಂತ ಕೇಳಿದರು. ವೈರಸ್ಸಂತೆ ಅಂದಿದ್ದೇನೆ.