ಒಂದೇ ಭಾರತ, ಮೂರು ಪುಸ್ತಕ: ವಚನ ಭಾರತ, ಪರ್ವ, ಅಮರ ಚಿತ್ರ ಕಥೆ

ಮಹಾಭಾರತ ಓದಬೇಕು, ಯಾವುದರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಈಗ ಗಟ್ಟಿಯಾಗಿದೆ. ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ ಮೊದಲು. ಎಸ್. ಎಲ್. ಭೈರಪ್ಪನವರ ‘ಪರ್ವ’ ಆಮೇಲೆ. ಅಮರ ಚಿತ್ರ ಕಥೆಯ ಮಹಾಭಾರತ ಎರಡಕ್ಕೂ ಜೊತೆಯಾಗಿ ಪಕ್ಕದಲ್ಲಿರಲಿ.

ಈ ಮಳೆಗಾಲದಲ್ಲಿ ಮೂರನ್ನೂ ಒಟ್ಟಿಗೆ ಓದಿದೆ. ಒಂದು ಮುಗಿಸಿ ಇನ್ನೊಂದು ಅಂತಲ್ಲ. ಒಂದು ಪ್ರಸಂಗ ಹಿಡಿದು, ಅದು ಮೂರರಲ್ಲೂ ಹೇಗೆ ಬಂದಿದೆ ಅಂತ ಹುಡುಕಿ ಓದುತ್ತಿದ್ದೆ. ಹೈಸ್ಕೂಲಿಗೆ ಹೋಗುವ ಮಗಳೂ ಜೊತೆಗಿದ್ದಳು, ಪರ್ವ ಒಂದನ್ನು ಬಿಟ್ಟು.

ಘಟೋತ್ಕಚನ ಕಥೆಯನ್ನೇ ತೆಗೆದುಕೊಳ್ಳಿ. ಮೂರು ಪುಸ್ತಕಗಳ ಗುಣ ನನಗೆ ಚೆನ್ನಾಗಿ ಕಂಡಿದ್ದು ಇಲ್ಲೇ. ಕಾಮಿಕ್ಸಿನಲ್ಲಿ ಅವನು ಪುಟ ತುಂಬುವ ದೈತ್ಯ. ರಾತ್ರಿ ಯುದ್ಧ, ಮಾಯೆ, ಕರ್ಣನ ಶಕ್ತ್ಯಾಯುಧ, ಬೀಳುವ ದೇಹ. ಕಣ್ಣಿಗೆ ಹಬ್ಬ. ಮಗಳು ಆ ಪುಟಗಳನ್ನು ಮತ್ತೆ ಮತ್ತೆ ತಿರುವಿ ನೋಡಿದಳು. ಆದರೆ ಅವನು ಸತ್ತನಲ್ಲ ಎಂಬ ಸಂಕಟಕ್ಕೆ ಅಲ್ಲಿ ಜಾಗ ಕಡಿಮೆ. ಮುಂದಿನ ಪುಟದಲ್ಲಿ ಯುದ್ಧ ಮುಂದುವರಿಯಬೇಕು.

ವಚನ ಭಾರತ ವ್ಯಾಸರ ದಾರಿಯಲ್ಲೇ ನಡೆಯುತ್ತದೆ. ಮಗ ಸತ್ತು ಪಾಂಡವರೆಲ್ಲ ಅಳುತ್ತಿರುವಾಗ ಕೃಷ್ಣನೊಬ್ಬನಿಗೆ ಸಂತೋಷ. ಅರ್ಜುನನಿಗಾಗಿ ಕರ್ಣ ಕಾದಿಟ್ಟುಕೊಂಡಿದ್ದ ಆಯುಧ ಖರ್ಚಾಯಿತಲ್ಲ ಅಂತ! ಇದನ್ನು ಜೋರಾಗಿ ಓದಿ ಹೇಳಿದಾಗ ಮಗಳು ತಡೆದು ಕೇಳಿದಳು: “ಅಪ್ಪಾ, ಹಾಗಾದ್ರೆ ಅವನನ್ನ ಸಾಯೋಕಂತಲೇ ಕಳಿಸಿದ್ರಾ?” ನಾನು ಉತ್ತರ ಕೊಡಲಿಲ್ಲ. ಶಾಸ್ತ್ರಿಗಳೂ ಕೊಡುವುದಿಲ್ಲ. ಹೀಗಾಯಿತು ಅಂತ ಹೇಳಿ ಕಥೆಯನ್ನು ನಮ್ಮ ಕೈಗೆ ಬಿಡುತ್ತಾರೆ. ನನಗೆ ಈ ಪುಸ್ತಕದ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಪರ್ವದಲ್ಲಿ ಅದೇ ಪ್ರಶ್ನೆ ಯುದ್ಧಕ್ಕೆ ಬಹಳ ಮುಂಚೆಯೇ ಏಳುತ್ತದೆ. ವಯಸ್ಸಾದ ಭೀಮ, ಎಷ್ಟೋ ವರ್ಷದ ಹಿಂದೆ ಬಿಟ್ಟು ಬಂದ ಹೆಂಡತಿಯನ್ನೂ ಮಗನನ್ನೂ ಹುಡುಕಿಕೊಂಡು ಕಾಡಿಗೆ ಹೋಗುತ್ತಾನೆ. ನೋಡಬೇಕು ಅನ್ನಿಸಿ ಅಲ್ಲ, ಯುದ್ಧಕ್ಕೆ ಜನ ಬೇಕು ಅಂತ. ರಾಕ್ಷಸರು ಇಲ್ಲಿ ಕೋರೆಹಲ್ಲಿನವರಲ್ಲ, ಕಾಡಿನ ಜನ. ಆ ದಾರಿಯುದ್ದಕ್ಕೂ ಭೀಮನ ಮನಸ್ಸಿನೊಳಗೆ ನಡೆಯುವುದನ್ನು ಓದುವಾಗ ನನಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು. ಕಾದಂಬರಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಹಾಗಿದ್ದರೆ ಪರ್ವವನ್ನೇ ಮೊದಲು ಓದಬಾರದೇ? ಬೇಡ ಅನ್ನುತ್ತೇನೆ. 1979ರಲ್ಲಿ ಬಂದ ಈ ಕಾದಂಬರಿ ಓದುಗರಿಗೆ ಕಥೆ ಗೊತ್ತಿದೆ ಅಂತ ನಂಬಿಯೇ ಹೊರಡುತ್ತದೆ. ಶುರುವಾಗುವುದು ಹಸ್ತಿನಾವತಿಯಲ್ಲಲ್ಲ, ಮದ್ರದೇಶದಲ್ಲಿ. ಮುದುಕ ಶಲ್ಯರಾಜ, ಮನೆಯ ಹುಡುಗಿಯ ಮದುವೆ, ಹೆಣ್ಣಿಗೆ ಶುಲ್ಕ ಪಡೆಯುವ ಹಳೆಯ ಪದ್ಧತಿ, ಸ್ವಯಂವರ ಬೇಕೆನ್ನುವ ಹೊಸ ಆಸೆ. ಶಲ್ಯ ಯಾರು, ಮಾದ್ರಿ ಯಾರು ಅಂತ ಗೊತ್ತಿಲ್ಲದವರಿಗೆ ಮೊದಲ ಅಧ್ಯಾಯವೇ ಗೋಡೆ. ಗೊತ್ತಿರುವವರಿಗೆ ಮಾತ್ರ, ಇದೇನು ಇಲ್ಲಿಂದ ಶುರುಮಾಡಿದರು ಅಂತ ಮೈ ನೆಟ್ಟಗಾಗುತ್ತದೆ. ದೇವತೆಗಳು ಇಲ್ಲಿ ಹಿಮಾಲಯದ ಒಂದು ಜನಾಂಗ. ಈ ಬದಲಾವಣೆಯ ಪೆಟ್ಟು ತಗಲಬೇಕಾದರೆ ಮೊದಲಿನ ಕಥೆ ಮನಸ್ಸಿನಲ್ಲಿ ಬೇರು ಬಿಟ್ಟಿರಬೇಕು, ಅಲ್ವಾ?

ದ್ಯೂತದ ಪ್ರಸಂಗದಲ್ಲಂತೂ ವಚನ ಭಾರತಕ್ಕೆ ಸಾಟಿಯಿಲ್ಲ. ದ್ರೌಪದಿ ಕೇಳುವ ಪ್ರಶ್ನೆ ಕಾನೂನಿನ ಪ್ರಶ್ನೆ: ತನ್ನನ್ನು ತಾನೇ ಸೋತವನಿಗೆ ನನ್ನನ್ನು ಪಣ ಇಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮ ಧರ್ಮ ಸೂಕ್ಷ್ಮ ಅನ್ನುತ್ತಾನೆ. ದುರ್ಯೋಧನನ ತಮ್ಮ ವಿಕರ್ಣ ಎದ್ದು ನಿಂತು ಅವಳ ಪರ ಮಾತಾಡುತ್ತಾನೆ. ಈ ವಾದ ನಿಧಾನವಾಗಿ ಏರಬೇಕು, ಆಗಲೇ ಸಭೆಯ ಮೌನ ಭಾರವಾಗುವುದು. ಕಾಮಿಕ್ಸಿನ ಮಾತಿನ ಗುಳ್ಳೆಯೊಳಗೆ ಹಿಡಿಸುವುದು ಕೆಲವೇ ಸಾಲು. ಹಾಗಾಗಿ ಚಿತ್ರದಲ್ಲಿ ಸೀರೆ ಉಳಿಯುತ್ತದೆ, ವಾದ ಸಣ್ಣದಾಗುತ್ತದೆ. ಪರ್ವದಲ್ಲಿ ಆಕಾಶದಿಂದ ಸೀರೆ ಬರುವುದಿಲ್ಲ. ಇಡೀ ಘಟನೆ ವರ್ಷಗಳ ನಂತರ ನೆನಪಾಗಿ ಬರುತ್ತದೆ, ಆರದ ಗಾಯವಾಗಿ.

ಕಾಮಿಕ್ಸನ್ನು ಸುಮ್ನೆ ಮಕ್ಕಳದು ಅಂತ ತಳ್ಳಿಹಾಕುವುದು ಮಾತ್ರ ಅನ್ಯಾಯ. ಅಮರ ಚಿತ್ರ ಕಥೆಯವರು 1985ರಿಂದ 1989ರವರೆಗೆ 42 ಸಂಚಿಕೆಗಳಲ್ಲಿ ಇದನ್ನು ತಂದರು, ದಿಲೀಪ್ ಕದಂ ಚಿತ್ರ ಬರೆದರು. ಈಗ ಮೂರು ದಪ್ಪ ಸಂಪುಟಗಳಾಗಿ ಸಿಗುತ್ತದೆ. ನಾವು ಓದಿದ್ದು ಇಂಗ್ಲಿಷಿನದು. (ಅಮರ ಚಿತ್ರ ಕಥೆಗೂ ಕನ್ನಡಕ್ಕೂ ಹಳೆಯ ನಂಟಿದೆ. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಂ ಅವರ ಪ್ರಯತ್ನದಿಂದ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲೇ ಬಂದವು, ವಿದೇಶಿ ಕಥೆಗಳು. ಅವರದೇ ‘ಕೃಷ್ಣ’ ಪುಸ್ತಕದ ಸಂಖ್ಯೆ 11 ಆಗಿರುವುದು ಅದಕ್ಕೇ. ಇದು ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು ಅನ್ನಿಸುತ್ತದೆ.) ಯುದ್ಧಭೂಮಿ ಅರ್ಥವಾಗುವುದು ಚಿತ್ರದಲ್ಲೇ. ಚಕ್ರವ್ಯೂಹದೊಳಗೆ ಅಭಿಮನ್ಯು ಎಲ್ಲಿದ್ದಾನೆ, ಹಿಂದೆ ಬಂದ ಪಾಂಡವರನ್ನು ಜಯದ್ರಥ ಎಲ್ಲಿ ತಡೆದ, ಒಂದು ಪುಟ ನೋಡಿದರೆ ಸಾಕು. ಸಾತ್ಯಕಿ, ಕೃತವರ್ಮ, ಭೂರಿಶ್ರವ ಮುಂತಾದ ಹೆಸರುಗಳಿಗೂ ಒಂದೊಂದು ಮುಖ ಸಿಗುತ್ತದೆ. ಆಮೇಲೆ ವಚನ ಭಾರತಕ್ಕೆ ಬಂದಾಗ ಮಗಳಿಗೆ ಯಾರು ಯಾರೆಂಬ ಗೊಂದಲವೇ ಇರಲಿಲ್ಲ.

ಕಾಮಿಕ್ಸಿನಲ್ಲಿ ನನಗೆ ಹಿಡಿಸದ್ದು ಒಂದೇ. ಅರ್ಜುನನಿಗೆ ಅಲ್ಲಿ ವಯಸ್ಸೇ ಆಗುವುದಿಲ್ಲ. ಸ್ವಯಂವರದಲ್ಲಿದ್ದ ಮುಖವೇ ಕುರುಕ್ಷೇತ್ರದಲ್ಲೂ ಇರುತ್ತದೆ. ಪರ್ವ ಓದಿದ ಮೇಲೆ ಇದು ಇನ್ನೂ ಎದ್ದು ಕಾಣುತ್ತದೆ. ಅಲ್ಲಿ ಯುದ್ಧಕ್ಕೆ ಹೊರಟವರು ಬೆನ್ನು ನೋವಿನ, ನಿದ್ದೆ ಬಾರದ, ಹಳೆಯದನ್ನೇ ಮೆಲುಕು ಹಾಕುವ ಮನುಷ್ಯರು. ರಣರಂಗದಲ್ಲಿ ಅಷ್ಟು ಜನರ ಊಟ, ನೀರು, ಮಲಮೂತ್ರ, ಕೊಳೆಯುವ ಹೆಣಗಳ ನಾತ ಯಾವುದನ್ನೂ ಭೈರಪ್ಪನವರು ಬಿಡುವುದಿಲ್ಲ. ಓದುವುದು ಕಷ್ಟ. ನಡುವೆ ಪುಸ್ತಕ ಮಡಚಿ ಎದ್ದು ಹೋಗಬೇಕು ಅನ್ನಿಸುತ್ತದೆ. ನಿಯೋಗ (ಗಂಡನಲ್ಲದವನಿಂದ ಮಗು ಪಡೆಯುವ ಹಳೆಯ ಪದ್ಧತಿ), ಬಸಿರು, ಗಂಡು ಹೆಣ್ಣಿನ ಸಂಬಂಧ ಎಲ್ಲವೂ ಮುಚ್ಚುಮರೆಯಿಲ್ಲದೆ ಬರುವುದರಿಂದ ಮಗಳಿಗೆ ಇದನ್ನು ಇನ್ನೂ ಕೊಟ್ಟಿಲ್ಲ. ಕಾಲೇಜಿಗೆ ಸೇರಿದ ಮೇಲೆ ನಾನೇ ಕೈಯಲ್ಲಿಡುತ್ತೇನೆ.

ಕನ್ನಡದ ಸೊಗಸಿಗೆ ಬಂದರೆ ನನ್ನ ವೋಟು ಮತ್ತೆ ಶಾಸ್ತ್ರಿಗಳಿಗೇ. ಸಂಸ್ಕೃತದ ಅಷ್ಟು ದೊಡ್ಡ ಗ್ರಂಥವನ್ನು ಒಂದು ಪುಸ್ತಕಕ್ಕೆ ಇಳಿಸಿದ್ದಾರೆ, ಆದರೂ ಅವಸರ ಕಾಣುವುದಿಲ್ಲ. ಜೋರಾಗಿ ಓದಿದರೆ ಮನೆಯ ಹಿರಿಯರೊಬ್ಬರು ಕೂತು ಹೇಳಿದ ಹಾಗೇ ಕೇಳಿಸುತ್ತದೆ. ಅಲ್ಲಲ್ಲಿ ಹಳೆಯ ಪದಗಳು ಬರುತ್ತವೆ, ಮಕ್ಕಳಿಗೆ ಅರ್ಥ ಹೇಳಬೇಕಾಗುತ್ತದೆ, ಅಷ್ಟೇ. ಮಕ್ಕಳು ಇನ್ನೂ ಚಿಕ್ಕವರಾಗಿದ್ದರೆ ಶಾಸ್ತ್ರಿಗಳೇ ಅವರಿಗಾಗಿ ಬರೆದ ‘ನಿರ್ಮಲ ಭಾರತಿ’ ಇದೆ, ಅದನ್ನು ಹುಡುಕಿ ತನ್ನಿ. ದುಡ್ಡು ಒಂದಕ್ಕೇ ಇದೆ ಅಂದರೆ ವಚನ ಭಾರತ ಕೊಳ್ಳಿ, ಕಾಮಿಕ್ಸಿನ ಸಂಪುಟಗಳನ್ನು ಲೈಬ್ರರಿಯಲ್ಲಿ ಕೇಳಿ ನೋಡಿ.